ಓದುಗರ ಪ್ರಶ್ನೋತ್ತರ: ಮೆಚ್ಚಿದ್ದನ್ನು ಹಂಚಿಕೊಳ್ಳುವ ಬಗೆ

ಪ್ರಶ್ನೆ: ನನಗೀಗ 54 ವರ್ಷ. ವೇದಿಕೆಯ ಮೇಲೆ ಪ್ರದರ್ಶನ ನೀಡುವ ಆಸೆ ನನಗಿಲ್ಲ. ಆದರೆ ಹತ್ತಾರು ಜನರೊಡನೆ ಸೇರಿ ಕುಣಿಯುವಂತಹ ಜಾನಪದ ನೃತ್ಯವೊಂದನ್ನು ಕಲಿಯಬೇಕೆಂಬ ಹಂಬಲ ಇತ್ತೀಚೆಗೆ ಬಲವಾಗಿದೆ. ನಾನು ಹಿಂದೆಂದೂ ಕುಣಿದವಳಲ್ಲ. ನಾನಾ ದೇಶಗಳ ನೃತ್ಯಗಳಲ್ಲಿ ಯಾವುದರಿಂದ ಆರಂಭಿಸಿದರೆ ಒಳ್ಳೆಯದು? ಈ ವಯಸ್ಸಿನಲ್ಲಿ ಕಲಿಯುವುದರಿಂದ ಪ್ರಯೋಜನವಿದೆಯೇ?

ಉತ್ತರ: ವೃತ್ತಾಕಾರವಾಗಿ ಅಥವಾ ಸಾಲಾಗಿ ಕೈ ಕೈ ಹಿಡಿದು ಕುಣಿಯುವ ನೃತ್ಯಗಳಿಂದ ಆರಂಭಿಸಿ. ಇವುಗಳಿಗೆ ಜೋಡಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಲ್ಲದೆ, ಪಕ್ಕದವರ ಕೈ ನಿಮ್ಮ ಕೈಯಲ್ಲಿರುವುದರಿಂದ ಅವರ ಮೈಭಾರ ಯಾವ ಕಡೆಗೆ ವಾಲುತ್ತಿದೆ ಎಂಬುದು ನಿಮ್ಮ ಕಣ್ಣಿಗಿಂತ ಮೊದಲು ತೋಳಿಗೆ ತಿಳಿಯುತ್ತದೆ, ಮತ್ತು ಹೊಸಬರ ತಪ್ಪು ಹೆಜ್ಜೆ ಇಡೀ ಸಾಲಿನ ಚಲನೆಯಲ್ಲಿ ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತದೆ. ಬಾಲ್ಕನ್ ನಾಡುಗಳಲ್ಲಿ ಇಂತಹ ನೃತ್ಯಗಳು ಹೇರಳವಾಗಿವೆ. ಸರ್ಬಿಯಾದಲ್ಲಿ ಅದು ಕೋಲೊ, ಬಲ್ಗೇರಿಯಾದಲ್ಲಿ ಹೊರೊ, ರೊಮೇನಿಯಾದಲ್ಲಿ ಹೋರಾ. ಸ್ಪೇನಿನ ಕತಲೋನಿಯಾ ಪ್ರಾಂತದ ಸರ್ದಾನಾ ಸಹ ವೃತ್ತದ ನೃತ್ಯವೇ ಆಗಿದ್ದರೂ ಅದರಲ್ಲಿ ಹೆಜ್ಜೆಗಳ ಲೆಕ್ಕವನ್ನು ಕುಣಿಯುತ್ತಲೇ ಇಟ್ಟುಕೊಳ್ಳಬೇಕಾಗುತ್ತದೆ. ಆದ್ದರಿಂದ ಅದನ್ನು ಮೊದಲ ಪಾಠವಾಗಿ ಸೂಚಿಸಲು ನನಗೆ ಮನಸ್ಸಿಲ್ಲ.

ಒಂದೇ ಒಂದನ್ನು ಹೆಸರಿಸಿ ಎಂದು ಕೇಳಿದರೆ ಗ್ರೀಸಿನ ಕಲಮಟಿಯಾನೊಸ್ ಎನ್ನುತ್ತೇನೆ. ಅದರಲ್ಲಿ ಇರುವುದು 12 ಹೆಜ್ಜೆಗಳು, ತಾಳ 7 ಎಣಿಕೆಯದು. ಆ ಏಳನ್ನು 3-2-2 ಎಂದು ಒಡೆದುಕೊಳ್ಳುತ್ತಾರೆ. ನಾಲ್ಕರ ನಡೆಗೆ ಮಾತ್ರ ಒಗ್ಗಿದ ಕಿವಿಗಳಿಗೆ ಈ ಏಳು ಕುಂಟಿದಂತೆ ಕೇಳಿಸುತ್ತದೆ, ಆದರೆ ಕನ್ನಡದ ಓದುಗರಿಗೆ ಇಲ್ಲಿ ಭಯಪಡಲು ಕಾರಣವಿಲ್ಲ. ಮಿಶ್ರ ಛಾಪು ತಾಳದ ‘ತಕಿಟ ತಕದಿಮಿ’ಯನ್ನು ಬಾಯಲ್ಲಿ ಹೇಳಿಕೊಂಡು ಹೆಜ್ಜೆ ಹಾಕಿ ನೋಡಿ. ಸಂಗೀತದ ಪರಿಚಯವಿಲ್ಲದಿದ್ದರೆ ಶಾಲೆಯಲ್ಲಿ ಕಲಿತ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಓಟವನ್ನು ನೆನಪಿಸಿಕೊಂಡರೂ ಸಾಕು. ಬಲ್ಗೇರಿಯಾದ ರಾಚೆನಿತ್ಸಾ ಕೂಡ ಏಳರದೇ, ಆದರೆ ಅಲ್ಲಿ ಒಡೆಯುವ ಕ್ರಮ 2-2-3, ವೇಗವೂ ಹೆಚ್ಚು. ಅದು ಕೆಲವು ತಿಂಗಳು ತಡವಾಗಿ ಬಂದರೆ ನಷ್ಟವೇನಿಲ್ಲ. (ಪ್ರಾಚೀನವೆಂದು ಅನೇಕರು ನಂಬಿರುವ ಗ್ರೀಸಿನದೇ ಇನ್ನೊಂದು ನೃತ್ಯ ಸಿರ್ತಾಕಿಯನ್ನು 1964ರ ಚಲನಚಿತ್ರವೊಂದಕ್ಕಾಗಿ ಹಳೆಯ ನೃತ್ಯಗಳ ಹೆಜ್ಜೆಗಳನ್ನು ಬೆರೆಸಿ ಸಂಯೋಜಿಸಲಾಯಿತು. ಹಾಗೆಂದು ಅದನ್ನು ಕುಣಿಯುವ ಸಂತೋಷಕ್ಕೆ ಕುಂದು ಬರುವುದಿಲ್ಲ.)

ಕಲಿಸುವವರನ್ನು ಆರಿಸುವಾಗ ಒಂದು ವಿಷಯವನ್ನು ಗಮನಿಸಿ: ತರಗತಿ ಆರಂಭವಾದ ಎಷ್ಟು ಹೊತ್ತಿಗೆ ಎಲ್ಲರೂ ಕುಣಿಯತೊಡಗುತ್ತಾರೆ? ಹಂಗೇರಿಯ ಬುಡಾಪೆಸ್ಟಿನಲ್ಲಿ 1972ರಲ್ಲಿ ಆರಂಭವಾದ ‘ತಾಂತ್ಸ್‌ಹಾಜ್’, ಎಂದರೆ ನೃತ್ಯದ ಮನೆ ಎಂಬ ಪದ್ಧತಿಯಲ್ಲಿ, ಹಳ್ಳಿಗಳ ನೃತ್ಯವನ್ನು ನಗರದ ಯುವಜನರು ಸಭಿಕರಾಗಿ ಕುಳಿತು ನೋಡುವ ಬದಲು ಬಲ್ಲವರ ಜತೆ ನೇರವಾಗಿ ಕುಣಿದು ಕಲಿತರು. ಪರಂಪರೆಯನ್ನು ಉಳಿಸುವ ಉತ್ತಮ ಮಾದರಿಗಳ ಪಟ್ಟಿಗೆ ಯುನೆಸ್ಕೊ 2011ರಲ್ಲಿ ಈ ಪದ್ಧತಿಯನ್ನು ಸೇರಿಸಿತು. ಅರ್ಧ ಗಂಟೆಯ ಉಪನ್ಯಾಸವಾದ ಮೇಲೆಯೂ ಸಂಗೀತ ಕೇಳಿಸದ ತರಗತಿಯನ್ನು ಬಿಟ್ಟು ಬೇರೊಂದನ್ನು ನೋಡಿಕೊಳ್ಳುವುದು ಲೇಸು.

ಇನ್ನು ಪ್ರಯೋಜನದ ಮಾತು. 75 ವರ್ಷ ದಾಟಿದ 469 ಜನರನ್ನು ಹಲವು ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದುವುದು, ಹಾಸುಮಣೆಯ ಆಟಗಳು ಮತ್ತು ವಾದ್ಯ ನುಡಿಸುವುದರ ಜತೆಗೆ, ದೈಹಿಕ ಚಟುವಟಿಕೆಗಳ ಪೈಕಿ ನೃತ್ಯವೊಂದೇ ಮರೆವಿನ ಕಾಯಿಲೆಯ ಅಪಾಯ ಕಡಿಮೆಯಿರುವುದರೊಡನೆ ತಳುಕು ಹಾಕಿಕೊಂಡಿದ್ದು ಅದರಲ್ಲಿ ಕಂಡುಬಂದಿತು. ಆದರೆ ಕಾಯಿಲೆ ಮೊಳಕೆಯೊಡೆಯುತ್ತಿದ್ದವರು ಅದರ ಕಾರಣದಿಂದಲೇ ಕುಣಿಯುವುದನ್ನು ಮೊದಲೇ ನಿಲ್ಲಿಸಿರಲೂಬಹುದು. ಹೀಗಾಗಿ ನೃತ್ಯವನ್ನು ಔಷಧವೆಂದು ಭಾವಿಸಿ ಸೇರಬೇಡಿ, ಇಷ್ಟವಾದರೆ ಸೇರಿ. ಮಂಡಿಗಳ ಬಗ್ಗೆ ಮಾತ್ರ ಎಚ್ಚರವಿರಲಿ. ನೆಲವನ್ನು ಬಿಗಿಯಾಗಿ ಕಚ್ಚುವ ರಬ್ಬರ್ ಅಟ್ಟೆಯ ಬೂಟು ತೊಟ್ಟು ತಿರುಗಿದರೆ ಪಾದ ನಿಂತಲ್ಲೇ ನಿಂತು ಮಂಡಿ ತಿರುಚಿಕೊಳ್ಳುತ್ತದೆ. ಅಟ್ಟೆ ನುಣುಪಾಗಿರುವ ಹಗುರ ಪಾದರಕ್ಷೆಯನ್ನು ಆರಿಸಿಕೊಳ್ಳಿ, ನೆಗೆಯಬೇಕಾದಲ್ಲಿ ನಡೆದುಬಿಡಿ.

ಪ್ರಶ್ನೆ: ನನಗೆ ರುಚಿಸಿದ ತಿನಿಸನ್ನು, ಹಿಡಿಸಿದ ಪುಸ್ತಕವನ್ನು ನಾಲ್ಕು ಜನಕ್ಕೆ ಹೇಳದೆ ನನ್ನಿಂದ ಇರಲಾಗುವುದಿಲ್ಲ. ಕೊತ್ತಂಬರಿ ಸೊಪ್ಪನ್ನು ಧಾರಾಳವಾಗಿ ಹಾಕಿ ಮಾಡಿದ ಅಡುಗೆಯೊಂದನ್ನು ಗೆಳೆಯನಿಗೆ ಬಡಿಸಿದಾಗ ಅವನು ‘ಸೋಪು ತಿಂದಂತಿದೆ’ ಎಂದುಬಿಟ್ಟ. ಇದು ಅಸೂಯೆಯೋ, ಅಭಿರುಚಿಯ ಕೊರತೆಯೋ?

ಉತ್ತರ: ಎರಡೂ ಅಲ್ಲ. ಕೊತ್ತಂಬರಿ ಸೊಪ್ಪಿನ ಪರಿಮಳದಲ್ಲಿ ಆಲ್ಡಿಹೈಡ್ ಎಂಬ ಗುಂಪಿನ ರಾಸಾಯನಿಕಗಳಿವೆ, ಅವುಗಳ ಹತ್ತಿರದ ಸಂಬಂಧಿಗಳು ಸೋಪಿನಲ್ಲಿಯೂ ಸಿಗುತ್ತವೆ. ಘ್ರಾಣಕ್ಕೆ ಸಂಬಂಧಿಸಿದ ಜೀನ್‌ಗಳ ಬಳಿಯ ಒಂದು ವ್ಯತ್ಯಾಸಕ್ಕೂ ಈ ಸೋಪಿನ ಅನುಭವಕ್ಕೂ ನಂಟಿದೆಯೆಂದು 2012ರಲ್ಲಿ ಸಂಶೋಧಕರು ಕಂಡುಕೊಂಡರು. ಈ ನಂಟು ದೊಡ್ಡದೇನಲ್ಲ, ಬಾಲ್ಯದಿಂದ ಬಂದ ರೂಢಿಯ ಪಾತ್ರವೂ ಇದೆ. ಇದಕ್ಕಿಂತ ಸ್ವಾರಸ್ಯಕರವಾದದ್ದು 1931ರ ಪ್ರಸಂಗ. ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿದಾಗ ಸಹೋದ್ಯೋಗಿ ಬಾಯೆಲ್ಲ ಕಹಿಯೆಂದು ದೂರಿದರು, ಅದನ್ನೇ ನಾಲಿಗೆಗೆ ಹಚ್ಚಿಕೊಂಡ ಫಾಕ್ಸ್ ಅವರಿಗೆ ಯಾವ ರುಚಿಯೂ ತಿಳಿಯಲಿಲ್ಲ. ಆ ಕಹಿಯನ್ನು ತೀವ್ರವಾಗಿ ಗ್ರಹಿಸುವವರಲ್ಲಿ ಹಲವರಿಗೆ ಎಲೆಕೋಸಿನ ಬಳಗದ ತರಕಾರಿಗಳೂ ಹೆಚ್ಚು ಕಹಿಯಾಗಿಯೇ ತೋರುತ್ತವೆ. ಒಂದೇ ತಟ್ಟೆಯ ಅಡುಗೆಯನ್ನು ಉಣ್ಣುವ ಇಬ್ಬರು ಒಂದೇ ರುಚಿಯನ್ನು ಉಣ್ಣುತ್ತಿರುವುದಿಲ್ಲ.

ಆದ್ದರಿಂದ ಶಿಫಾರಸು ಮಾಡುವುದನ್ನು ನಿಲ್ಲಿಸಬೇಡಿ, ಮಾಡುವ ರೀತಿಯನ್ನು ಬದಲಿಸಿ. ‘ಇದು ನಿಮಗೆ ಇಷ್ಟವಾಗಿಯೇ ತೀರುತ್ತದೆ’ ಎಂಬ ಭರವಸೆ ಕೇಳುವವರನ್ನು ಪರೀಕ್ಷೆಗೆ ಕೂರಿಸುತ್ತದೆ, ಮೆಚ್ಚದಿದ್ದರೆ ಅವರು ಅನುತ್ತೀರ್ಣರು. ಅದರ ಬದಲು ನಿಮಗೆ ಹಿಡಿಸಿದ್ದು ಯಾವ ಭಾಗ, ಕೆಲವರಿಗೆ ಹಿಡಿಸದಿರಬಹುದಾದದ್ದು ಯಾವುದು ಎಂಬೆರಡನ್ನೂ ಹೇಳಿ: ‘ಮೊದಲ 50 ಪುಟ ನಿಧಾನ, ಆಮೇಲಿನ ಸಂಭಾಷಣೆಗಳಿಗಾಗಿ ನಾನು ಓದಿದೆ’ ಎಂಬಂತೆ. ಒಮ್ಮೆ ಹೇಳಿದ ಮೇಲೆ ಓದಿದಿರಾ, ತಿಂದಿರಾ ಎಂದು ವಿಚಾರಿಸದಿರುವುದು ಹೇಳಿದವರ ಸಭ್ಯತೆ. ಪರಿಚಯ ಹೆಚ್ಚಿದಂತೆ ಒಲವೂ ಹೆಚ್ಚುವುದುಂಟು ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯೊಂಕ್ 1968ರಲ್ಲಿಯೇ ತೋರಿಸಿದ್ದಾರೆ. ಆದರೆ ಆ ಪರಿಚಯ ತಾನಾಗಿ ಆಗಬೇಕೇ ಹೊರತು ಒತ್ತಾಯದಿಂದಲ್ಲ. ಗೆಳೆಯನಿಗೆ ಮುಂದಿನ ಸಲ ಸೊಪ್ಪನ್ನು ಬೇರೆ ಬಟ್ಟಲಿನಲ್ಲಿಡಿ.

ಪ್ರಶ್ನೆ: ಎಲ್ಲರೂ ಏನಾದರೊಂದನ್ನು ನೋಡಿ, ಓದಿ, ಮಾಡಿ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ: ಹೇಳಿದವರು ತಾವೇ ಅದರ ಬಳಿಗೆ ಎರಡನೆಯ ಸಲ ಹೋಗಿದ್ದಾರೆಯೇ ಎಂದು ಕೇಳಿ. ಹೋಗಿಲ್ಲವೆಂದಾದರೆ ಆ ಉತ್ಸಾಹ ಬಹುತೇಕ ಹೊಸತನದ್ದು. ನೆಟ್‌ಫ್ಲಿಕ್ಸ್ ಸಂಸ್ಥೆ 2006ರಲ್ಲಿ ಪ್ರೇಕ್ಷಕರು ಚಿತ್ರಗಳಿಗೆ ಕೊಟ್ಟ ಸುಮಾರು 10 ಕೋಟಿ ಅಂಕಗಳ ದತ್ತಾಂಶವನ್ನು ಬಿಡುಗಡೆ ಮಾಡಿ, ಅವರ ಮೆಚ್ಚುಗೆಯನ್ನು ತನಗಿಂತ ಶೇ. 10ರಷ್ಟು ಹೆಚ್ಚು ನಿಖರವಾಗಿ ಊಹಿಸುವವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು, ಗೆಲುವು ದಕ್ಕಲು 2009ರವರೆಗೆ ಕಾಯಬೇಕಾಯಿತು. ಹಿಂದಿನ ಅಂಕಗಳನ್ನು ಹೋಲಿಸಿ ನೋಡುವ ಆ ಉಪಾಯವನ್ನು ನೀವು ಮನೆಯಲ್ಲೇ ಬಳಸಬಹುದು: ಈ ಹಿಂದೆ ನಿಮ್ಮಿಬ್ಬರಿಗೂ ಯಾವುದೆಲ್ಲ ಹಿಡಿಸಿತ್ತು ಎಂದು ನೋಡಿ. ನಿಮಗೆ ಇಷ್ಟವಾದದ್ದನ್ನೆಲ್ಲ ತಪ್ಪದೆ ತೆಗಳುವ ಪರಿಚಿತರಿದ್ದರೆ ಅವರನ್ನು ಬಿಡಬೇಡಿ, ಅವರು ತೆಗಳಿದ್ದನ್ನು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು.

ಪ್ರಶ್ನೆ: ಹೆಚ್ಚು ಖರ್ಚಿಲ್ಲದ, ಒಬ್ಬರೇ ಮಾಡಬಹುದಾದ ಹವ್ಯಾಸವೊಂದನ್ನು ಸೂಚಿಸುವಿರಾ?

ಉತ್ತರ: ಆಕಾಶ ವೀಕ್ಷಣೆ. ಮೊದಲು ಬರಿಗಣ್ಣಿನಿಂದ ಕೃತ್ತಿಕೆಯನ್ನು ಗುರುತಿಸಲು ಕಲಿಯಿರಿ. ಮುಂದೆ 7x50 ಅಥವಾ 10x50 ಅಳತೆಯ (ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ ಮಿಲಿಮೀಟರುಗಳಲ್ಲಿ) ಬೈನಾಕ್ಯುಲರ್ ಸಿಕ್ಕರೆ, ಮೊಣಕೈಗಳನ್ನು ಗೋಡೆಗೆ ಊರಿ ಗುರುಗ್ರಹದತ್ತ ಹಿಡಿಯಿರಿ. ಗೆಲಿಲಿಯೋ 1610ರ ಜನವರಿಯಲ್ಲಿ ಕಂಡ ನಾಲ್ಕು ಉಪಗ್ರಹಗಳಲ್ಲಿ ಕೆಲವಾದರೂ ಚುಕ್ಕೆಗಳಂತೆ ಕಾಣುತ್ತವೆ, ಮರುರಾತ್ರಿ ನೋಡಿದರೆ ಅವು ಜಾಗ ಬದಲಿಸಿರುತ್ತವೆ. ದೂರದರ್ಶಕ ಕೊಳ್ಳುವ ವಿಚಾರ ಅದಾದ ಮೇಲೆ.