ಹಾಲಿಲ್ಲದೆಯೂ ಹದವಾದ ಕಾಫಿ

ಪ್ರಶ್ನೆ: ಹಸುವಿನ ಹಾಲು ನನಗೆ ಒಗ್ಗುವುದಿಲ್ಲ. ಸೋಯಾ ಹಾಲು ಬೆರೆಸಿದರೆ ಫಿಲ್ಟರ್ ಕಾಫಿ ಒಡೆಯುತ್ತದೆ. ಮಳೆಗಾಲದ ಸಂಜೆಗೆ ಬಿಸಿಯಾದ, ಗಟ್ಟಿ ಕಾಫಿಯನ್ನು ಮನೆಯಲ್ಲಿ ಮಾಡುವುದು ಹೇಗೆ?

ಉತ್ತರ: ಕಾಫಿಯ ಆಮ್ಲೀಯ ಗುಣವೂ ಹೆಚ್ಚಿನ ಶಾಖವೂ ಸೇರಿದಾಗ ಸೋಯಾ ಹಾಲಿನ ಪ್ರೋಟೀನು ಗರಣೆಗಟ್ಟುವುದರಿಂದ ಹೀಗಾಗುತ್ತದೆ. ಅದನ್ನೇ ಬಳಸುವುದಾದರೆ ಹಾಲನ್ನು ಬೆಚ್ಚಗೆ ಮಾಡಿ, ತುಸು ಆರಿದ ಡಿಕಾಕ್ಷನ್ನನ್ನು ಅದಕ್ಕೆ ನಿಧಾನವಾಗಿ ಸುರಿಯಿರಿ.

ಆದರೆ ನಮ್ಮ ಫಿಲ್ಟರ್ ಕಾಫಿಗೆ ತೆಂಗಿನಕಾಯಿ ಹಾಲೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಹೋಳು ಕಾಯಿಯ ತುರಿಯನ್ನು ಒಂದು ಲೋಟ ಬೆಚ್ಚಗಿನ ನೀರಿನೊಂದಿಗೆ ನುಣ್ಣಗೆ ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿಕೊಂಡ ಕೂಡಲೇ ಇಳಿಸಬೇಕು. ಕುದಿಯಲು ಬಿಟ್ಟರೆ ಹಾಲು ಒಡೆದು ಎಣ್ಣೆ ಮೇಲೆ ತೇಲುತ್ತದೆ. ಕಾಯಿಹಾಲಿನ ಸಿಹಿಗಂಪಿನ ಮುಂದೆ ತೆಳುವಾದ ಡಿಕಾಕ್ಷನ್ ಸಪ್ಪೆಯೆನಿಸುವುದರಿಂದ, ಚಿಕೋರಿ ಬೆರೆಸಿದ 3 ಚಮಚ ಪುಡಿಯನ್ನು ಫಿಲ್ಟರಿಗೆ ಹಾಕಿ, ಹಗುರವಾಗಿ ಒತ್ತಿ, ಅರ್ಧ ಲೋಟ ಕುದಿನೀರನ್ನಷ್ಟೇ ಸುರಿದು, ಪೂರ್ತಿ ಇಳಿಯುವವರೆಗೆ ಕಾಯಿರಿ. ಸಕ್ಕರೆಯ ಬದಲು ಮಲೆನಾಡಿನ ಮನೆಗಳಲ್ಲಿರುವಂತೆ ಬೆಲ್ಲ ಹಾಕಿದರೆ ರುಚಿ ಇನ್ನೂ ಚೆನ್ನಾಗಿ ಕೂಡುತ್ತದೆ. ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲಿ ಮೊದಲೇ ಕರಗಿಸಿ ಸೋಸಿಕೊಳ್ಳಿ. ಕಾಯಿಹಾಲು ಬೇಗನೆ ಹಳಸುವುದರಿಂದ ಆಯಾ ಹೊತ್ತಿಗೆ ಬೇಕಾದಷ್ಟನ್ನೇ ತೆಗೆಯಿರಿ.