ಉಪ್ಪಿನ ದ್ರಾವಣ ಇಟ್ಟರೂ ಆರ್ದ್ರತೆ 75ಕ್ಕೆ ನಿಲ್ಲುತ್ತಿಲ್ಲ, ಏಕೆ?

ಪ್ರಶ್ನೆ: ಕೀಟದ ಮೊಟ್ಟೆಗಳು ಎಷ್ಟು ಮರಿಯಾಗುತ್ತವೆಂದು ನೋಡಲು 25 ಡಿಗ್ರಿ ಸೆಲ್ಸಿಯಸ್ ಇನ್‌ಕ್ಯುಬೇಟರಿನಲ್ಲಿ 5 ಲೀಟರಿನ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದೇವೆ. ಒಳಗೆ ಬೀಕರಿನಲ್ಲಿ ಸೋಡಿಯಂ ಕ್ಲೋರೈಡಿನ ಪರ್ಯಾಪ್ತ (ಇನ್ನಷ್ಟು ಉಪ್ಪು ಕರಗಲಾರದ) ದ್ರಾವಣ, ಪಕ್ಕದಲ್ಲಿ ಒದ್ದೆ ಫಿಲ್ಟರ್ ಕಾಗದದ ಮೇಲೆ ಮೊಟ್ಟೆಗಳು. ಸಾಪೇಕ್ಷ ಆರ್ದ್ರತೆ 75% ಇರಬೇಕಿತ್ತು. ಮಾಪಕ 84 ತೋರಿಸುತ್ತಿದೆ, ಮುಚ್ಚಳದಲ್ಲಿ ಹನಿಗಳಿವೆ, ಮೂರನೇ ದಿನಕ್ಕೆ ಬೂಷ್ಟು ಬಂತು. ಮಾಪಕ ಕೆಟ್ಟಿದೆಯೇ?

ಉತ್ತರ: ಮಾಪಕಕ್ಕಿಂತ ಮೊದಲು ಮುಚ್ಚಳದ ಹನಿ ನೋಡಿ. 25 ಡಿಗ್ರಿಯಲ್ಲಿ 75% ಆರ್ದ್ರತೆಯ ಗಾಳಿ ಹನಿಗಟ್ಟಬೇಕಾದರೆ ಮುಚ್ಚಳ ಸುಮಾರು 20 ಡಿಗ್ರಿಗೆ ಇಳಿಯಬೇಕು. ಡಬ್ಬಿಯನ್ನು ಹೊರಗೆ ತಣ್ಣನೆಯ ಮೇಜಿನ ಮೇಲೆ ಇಡದೆಯೂ ಹನಿ ಕಂಡರೆ, ಒಳಗಿನ ತೇವ ನಿಜಕ್ಕೂ ಹೆಚ್ಚಾಗಿದೆ.

ತೇವದ ಮೂಲ ಆ ಫಿಲ್ಟರ್ ಕಾಗದ. ಅದರಿಂದ ಏಳುವ ಆವಿಯನ್ನು ಬೀಕರಿನ ಕಿರಿದಾದ ಮೇಲ್ಮೈ ಹೀರಲಾರದು. ಹೀರಿದಷ್ಟೂ ದ್ರಾವಣದ ಮೇಲ್ಪದರದಲ್ಲಿ ಉಪ್ಪಿನ ಪ್ರಮಾಣ ಇಳಿಯುತ್ತದೆ. ಹರಳುಗಳು ತಳದಲ್ಲಿವೆ, ಗಾಳಿ ಮುಟ್ಟುವುದು ಮೇಲಿನ ನೀರನ್ನು. ತಳದಲ್ಲಿ ಹರಳು ಕಾಣುತ್ತಿದೆ ಎಂಬ ನೆಮ್ಮದಿಯೇ ಇಲ್ಲಿ ಮೋಸ ಮಾಡುವುದು.

ಆದ್ದರಿಂದ ದ್ರಾವಣವಲ್ಲ, ಕೆಸರು ಬೇಕು. 300 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡಿಗೆ 90 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು ಬೆರೆಸಿ, ಡಬ್ಬಿಯ ತಳದ ಅರ್ಧದಷ್ಟಾದರೂ ಅಗಲದ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಒದ್ದೆ ಮರಳಿನಂತಿರಬೇಕು, ಮೇಲೆ ನೀರು ನಿಲ್ಲಬಾರದು. ದಿನಕ್ಕೊಮ್ಮೆ ಕಲಕಿ, ನೀರು ತೇಲಿದರೆ ಒಣ ಉಪ್ಪು ಸೇರಿಸಿ. ಅಡುಗೆ ಉಪ್ಪು ಬೇಡ, ಅದರಲ್ಲಿ ಬೇರೆ ಲವಣಗಳ ಬೆರಕೆ ಇರುತ್ತದೆ. ಉಪ್ಪು ಅಂಚು ಹತ್ತಿ ಹೊರಗೆ ಹರಿಯುವುದುಂಟು. ತಟ್ಟೆಯ ಅಂಚಿಗೆ ವ್ಯಾಸಲೀನ್ ಸವರಿದರೆ ಸಾಕು. ಮೊಟ್ಟೆಗಳನ್ನು ಒಣ ಜಾಲರಿಯ ಮೇಲಿಡಿ. ಒದ್ದೆ ಕಾಗದ ಇರುವವರೆಗೆ ಮೊಟ್ಟೆಗೆ ತಗಲುವುದು ಕಾಗದದ ತೇವವೇ, ಡಬ್ಬಿಯದಲ್ಲ.

ಇನ್ನು ಮಾಪಕ. ಪುಟ್ಟ ಗಾಳಿಯಾಡದ ಶೀಶೆಯಲ್ಲಿ ಇದೇ ಕೆಸರು ಒಂದು ಚಮಚ ಹಾಕಿ, ಸೆನ್ಸರಿಗೆ ಉಪ್ಪು ತಾಗದಂತೆ ಇಳಿಬಿಟ್ಟು, 25 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. 75.3 ಬರಬೇಕು. ಮೆಗ್ನೀಶಿಯಂ ಕ್ಲೋರೈಡಿನ ಕೆಸರಿನಲ್ಲಿ 32.8. ಎರಡರಲ್ಲೂ ಒಂದೇ ಅಂತರ ಬಂದರೆ ಅಷ್ಟನ್ನು ಕಳೆಯಿರಿ. ಅಂತರ ಬೇರೆಬೇರೆಯಾದರೆ ಎರಡು ಬಿಂದುಗಳ ನಡುವೆ ಗೆರೆ ಎಳೆದು ಸರಿಪಡಿಸಿ. 2–3 ಅಂಶದ ವ್ಯತ್ಯಾಸ ಸಾಮಾನ್ಯ.

ಉಷ್ಣತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಪ್ಪಿಗಿಂತ ಮೊಟ್ಟೆಗಳ ಜಾಗ ಒಂದೇ ಡಿಗ್ರಿ ತಣ್ಣಗಿದ್ದರೂ ಅಲ್ಲಿನ ಆರ್ದ್ರತೆ 75ರಿಂದ 80ರ ಹತ್ತಿರಕ್ಕೆ ಏರುತ್ತದೆ. ಡಬ್ಬಿಯನ್ನು ಹೀಟರ್ ಪಕ್ಕದಿಂದ ಸರಿಸಿ, ಒಳಗೊಂದು ಪುಟ್ಟ ಫ್ಯಾನ್ ಇಡಿ. ಅದರ ಮೋಟಾರು ಬಿಸಿಯಾಗುವಂತಿದ್ದರೆ ಆಗಾಗ ಮಾತ್ರ ಚಾಲೂ ಮಾಡಿ.

ಇದೆಲ್ಲ ಸರಿಯಾದರೂ ಬೂಷ್ಟಿನ ಅಪಾಯ 75ರಲ್ಲಿ ಪೂರ್ತಿ ತಪ್ಪುವುದಿಲ್ಲ, ಅದು ಕೆಲವು ಬೂಷ್ಟುಗಳು ಬೆಳೆಯಬಲ್ಲ ಅಂಚು. ಪ್ರಯೋಗಕ್ಕೆ ಒಗ್ಗಿದರೆ ಸೋಡಿಯಂ ಬ್ರೋಮೈಡ್ ಬಳಸಿ, 57.6ರಲ್ಲಿ ನಿಲ್ಲುತ್ತದೆ.

ಮುಂದೆ 30 ಡಿಗ್ರಿಯಲ್ಲೂ ಹೋಲಿಸುವುದಿದ್ದರೆ ಅದೇ 75% ಇಟ್ಟು ಸಮನೆನ್ನಬೇಡಿ. ಮೊಟ್ಟೆಯನ್ನು ಒಣಗಿಸುವುದು ಆವಿಯ ಒತ್ತಡದ ಕೊರತೆ, ಅಂದರೆ ಆ ಉಷ್ಣತೆಯಲ್ಲಿ ಇರಬಲ್ಲ ಗರಿಷ್ಠ ಆವಿಯ ಒತ್ತಡಕ್ಕೂ ಈಗಿರುವುದಕ್ಕೂ ನಡುವಿನ ಅಂತರ: 25ರಲ್ಲಿ ಅದು 0.79 ಕಿಲೋಪಾಸ್ಕಲ್, 30ರಲ್ಲಿ 1.06. ಕೊರತೆಯನ್ನು 0.79ಕ್ಕೇ ಉಳಿಸಲು 30ರಲ್ಲಿ ಸುಮಾರು 81% ಬೇಕು. ಅಲ್ಲಿಗೆ ಅಮೋನಿಯಂ ಸಲ್ಫೇಟಿನ ಕೆಸರು ಹೊಂದುತ್ತದೆ.