ಕೊಟ್ಟಿಗೆಯಿಂದ ಅಡುಗೆಮನೆಗೆ ಬರುವ ರೋಗಾಣುಗಳು: ನಿಮ್ಮ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಪ್ರಾಣಿಗಳಿಂದ ಬರುವ ‘ಹೊಸ ತಳಿ’ಯ ಬ್ಯಾಕ್ಟೀರಿಯಾ ಬಗ್ಗೆ ಮೊಬೈಲಿಗೆ ದಿನಕ್ಕೊಂದು ಸುದ್ದಿ ಬರುತ್ತದೆ. ಇಷ್ಟು ದಿನ ಸುಮ್ಮನಿದ್ದ ಬ್ಯಾಕ್ಟೀರಿಯಾ ಇದ್ದಕ್ಕಿದ್ದಂತೆ ಜೀವ ತೆಗೆಯುವ ಹಾಗೆ ಆಗುವುದು ಹೇಗೆ? ಮೊಳಕೆ ಕಾಳು ತಿಂದರೂ ಅಪಾಯ ಅಂತಾರೆ, ನಿಜವಾ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ನಾವು ನಮ್ಮ ಜೀನ್‌ಗಳನ್ನು ಮಕ್ಕಳಿಗೆ ಮಾತ್ರ ಕೊಡುತ್ತೇವೆ. ಬ್ಯಾಕ್ಟೀರಿಯಾಗಳು ಪಕ್ಕದಲ್ಲಿರುವವಕ್ಕೂ ಕೊಡುತ್ತವೆ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಸಾಲದ್ದಕ್ಕೆ, ಬ್ಯಾಕ್ಟೀರಿಯಾಗಳಿಗೇ ಸೋಂಕು ತರುವ ಫೇಜ್ ಎಂಬ ವೈರಸ್‌ಗಳಿವೆ. ಅವು ಕೆಲವೊಮ್ಮೆ ವಿಷ ತಯಾರಿಸುವ ಜೀನನ್ನೇ ಹೊತ್ತು ತಂದು ಒಳಗೆ ಸೇರಿಸಿಬಿಡುತ್ತವೆ. ಇಂಥ ಒಂದೇ ಬದಲಾವಣೆ ಸಾಕು, ಪಾಪದ ಬ್ಯಾಕ್ಟೀರಿಯಾ ಬೇರೆಯದೇ ಆಗಿಬಿಡುತ್ತದೆ.

ಇ. ಕೋಲಿಯನ್ನೇ ನೋಡಿ. ನಿಮ್ಮ ಕರುಳಲ್ಲೂ ಇದೆ, ನನ್ನ ಕರುಳಲ್ಲೂ ಇದೆ, ತೊಂದರೆ ಇಲ್ಲ. ಆದರೆ 1982ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಬರ್ಗರ್ ತಿಂದವರಿಗೆ ರಕ್ತಭೇದಿ ಶುರುವಾಯಿತು. ಕಾರಣ ಒ157:ಎಚ್7 ಎಂಬ ತಳಿ. ಫೇಜ್‌ನಿಂದ ಬಂದ, ಶಿಗಾ ಎಂಬ ವಿಷ ತಯಾರಿಸುವ ಜೀನ್ ಅದರಲ್ಲಿತ್ತು. ಈ ತಳಿ ದನದ ಹೊಟ್ಟೆಯಲ್ಲಿ ಆರಾಮಾಗಿ ಇರುತ್ತದೆ. ಆ ವಿಷ ಅಂಟಿಕೊಳ್ಳಲು ಬೇಕಾದ ಕೊಂಡಿ ದನದ ಕರುಳಿನ ರಕ್ತನಾಳಗಳಲ್ಲಿ ಇಲ್ಲ, ನಮ್ಮ ಕಿಡ್ನಿಯಲ್ಲಿ ಧಾರಾಳವಾಗಿದೆ. ಹಾಗಾಗಿ ಗಟ್ಟಿಮುಟ್ಟಾಗಿ ಮೇಯುತ್ತಿರುವ ಹಸುವಿನ ಸಗಣಿಯಿಂದ ಬಂದದ್ದು ಒಂದು ಮಗುವಿನ ಕಿಡ್ನಿಯನ್ನೇ ಕೆಡಿಸಬಹುದು.

ಮೊಳಕೆ ಕಾಳಿನ ವಿಷಯವೂ ನಿಜ. 2011ರಲ್ಲಿ ಜರ್ಮನಿಯಲ್ಲಿ ಒ104:ಎಚ್4 ತಳಿಯಿಂದ ಸುಮಾರು 3,800 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನ್‌ನ ಸೌತೆಕಾಯಿ ಮೇಲೆ ಗೂಬೆ ಕೂರಿಸಿದರು. ಆಮೇಲೆ ಸಿಕ್ಕಿದ್ದು ಮೆಂತ್ಯದ ಮೊಳಕೆ! ಕಾಳು ಈಜಿಪ್ಟ್‌ನಿಂದ ಬಂದಿತ್ತು. ಕರುಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಹಳೆಯ ಜಾತಿಯ ಇ. ಕೋಲಿಗೆ ಫೇಜ್‌ನಿಂದ ಶಿಗಾ ವಿಷ ಸಿಕ್ಕಿತ್ತು. ಜೊತೆಗೆ ಹಲವು ಆಂಟಿಬಯಾಟಿಕ್‌ಗಳಿಗೆ ಜಗ್ಗದಂತೆ ಮಾಡುವ ಪ್ಲಾಸ್ಮಿಡ್ ಕೂಡ ಇತ್ತು.

ಕಾಳು ಮೊಳೆಯಲು ತೇವ ಬೇಕು, ಬೆಚ್ಚಗಿರಬೇಕು. ಬ್ಯಾಕ್ಟೀರಿಯಾಗೂ ಬೇಕಾದದ್ದು ಅದೇ. ಕಾಳಿನ ಬಿರುಕಿನೊಳಗೆ ಕೂತದ್ದು ತೊಳೆದರೆ ಪೂರ್ತಿ ಹೋಗುವುದಿಲ್ಲ. ಹಾಗಂತ ಹೆಸರುಕಾಳು ಬಿಡಬೇಡಿ, ಬೇಯಿಸಿ ಉಸಲಿ ಮಾಡಿ. ಕೋಸಂಬರಿಗೆ ಮೊಳಕೆ ಹಾಕುವುದಾದರೆ ಚೆನ್ನಾಗಿ ಹಬೆಯಲ್ಲಿ ಬೇಯಿಸಿ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹಸಿ ಮೊಳಕೆ ಬೇಡವೇ ಬೇಡ. ‘ಆರೋಗ್ಯಕ್ಕೆ ಒಳ್ಳೆಯದು’ ಅಂತ ಬೆಳಗ್ಗೆ ಬೆಳಗ್ಗೆ ಹಸಿ ಮೊಳಕೆ ತಿನ್ನುವ ಫ್ಯಾಷನ್ ನನಗಂತೂ ಹಿಡಿಸುವುದಿಲ್ಲ.

ಇನ್ನೊಂದು ಮಾತು. ಭೇದಿಯಲ್ಲಿ ರಕ್ತ ಕಂಡರೆ ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ನುಂಗಬೇಡಿ, ಭೇದಿ ನಿಲ್ಲಿಸುವ ಮಾತ್ರೆಯೂ ಬೇಡ. ಈ ತಳಿಗಳಲ್ಲಿ ಕೆಲವು ಆಂಟಿಬಯಾಟಿಕ್‌ಗಳಿಂದ ವಿಷ ಇನ್ನೂ ಜಾಸ್ತಿ ಹೊರಬಂದು ಕಿಡ್ನಿಗೆ ಪೆಟ್ಟು ಬೀಳಬಹುದು. ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ನಮ್ಮ ಹಸು ಏಳು ತಿಂಗಳ ಗಬ್ಬ ಇದ್ದಾಗ ಕಂದು ಹಾಕಿತು. ಮಾಸು ಬೀಳದೆ ನಾನೇ ಕೈಯಲ್ಲಿ ತೆಗೆದೆ. ಈಗ ಸಂಜೆಯಾದರೆ ಜ್ವರ, ರಾತ್ರಿ ಬೆವರು, ಸೊಂಟ ನೋವು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ಹಾಲು ಕುಡಿಯಬಹುದಾ?
– ಹೈನು ಕಟ್ಟಿರುವವರು, ಹೆಸರಘಟ್ಟ

ಉತ್ತರ: ಇರಬಹುದು. ತಡ ಮಾಡಬೇಡಿ. ಡಾಕ್ಟರ್ ಎದುರು ಕೂತ ಕೂಡಲೇ ‘ಜ್ವರ’ ಅನ್ನುವ ಮೊದಲು ‘ಹಸು ಕಂದು ಹಾಕಿತ್ತು, ನಾನು ಮಾಸು ತೆಗೆದೆ’ ಎಂದು ಹೇಳಿ. ಅದನ್ನು ಹೇಳದಿದ್ದರೆ ಟೈಫಾಯಿಡ್, ಮಲೇರಿಯಾ ಎಂದು ವಾರಗಟ್ಟಲೆ ಸುತ್ತುವುದು ಮಾಮೂಲಿ. ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು ಎಂದು ನೀವೇ ಕೇಳಿ.

ಹೈನುಗಾರರು ಕಂದು ರೋಗ ಅನ್ನುವುದು ಈ ಬ್ಯಾಕ್ಟೀರಿಯಾ ತರುವ ರೋಗವನ್ನೇ. ಇದು ಹೊಸ ತಳಿಯೇನಲ್ಲ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಜ್ವರದಿಂದ ಸತ್ತ ಸೈನಿಕರಲ್ಲಿ ಇದನ್ನು ಕಂಡರು. ಆಡಿನ ಹಾಲಿನಿಂದ ಬರುತ್ತದೆ ಎಂದು ಗೊತ್ತಾಗಲು 1905ರವರೆಗೆ ಕಾಯಬೇಕಾಯಿತು. ಮೊಬೈಲಿನಲ್ಲಿ ಬರುವ ಹೊಸ ಹೆಸರುಗಳಿಗಿಂತ ನಮ್ಮ ಸುತ್ತಮುತ್ತಲ ಹೈನುಗಾರರಿಗೆ ಈ ಹಳೆಯದೇ ಹೆಚ್ಚು ಕಾಟ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಂದು, ಮಾಸು, ಅದರ ನೀರು, ಎಲ್ಲದರಲ್ಲೂ ಈ ರೋಗಾಣು ವಿಪರೀತ ಇರುತ್ತದೆ. ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಇನ್ನು ಮೇಲೆ ಬರಿಗೈ ಹಾಕಲೇಬೇಡಿ, ಪಶುವೈದ್ಯರನ್ನು ಕರೆಸಿ. ಬಿದ್ದದ್ದನ್ನು ತಿಪ್ಪೆಗೆ ಎಸೆಯಬೇಡಿ, ನಾಯಿ ಎಳೆದಾಡುತ್ತದೆ. ಸುಣ್ಣ ಹಾಕಿ ಆಳವಾಗಿ ಹೂಳಿ.

ಹಾಲು ಉಕ್ಕಿ ಬರುವಂತೆ ಕಾಯಿಸಿದರೆ ರೋಗಾಣು ಸಾಯುತ್ತದೆ. ಕರೆದ ಹಸಿ ಹಾಲು ಮಾತ್ರ ಬೇಡ, ಯಾರು ಎಷ್ಟೇ ಶ್ರೇಷ್ಠ ಅಂದರೂ. ನಿಮಗೆ ರೋಗ ಖಚಿತವಾದರೆ ಸಾಮಾನ್ಯವಾಗಿ ಎರಡು ಔಷಧಿಗಳನ್ನು ಜೊತೆಯಾಗಿ ಕೊಡುತ್ತಾರೆ, ಮುಖ್ಯವಾದದ್ದನ್ನು ಆರು ವಾರ ತೆಗೆದುಕೊಳ್ಳಬೇಕು. ಜ್ವರ ಬಿಟ್ಟಿತು ಅಂತ ಎರಡನೇ ವಾರಕ್ಕೆ ನಿಲ್ಲಿಸಿದರೆ ರೋಗ ತಿರುಗಿ ಬರುತ್ತದೆ.

ಹಸುವಿನ ರಕ್ತ ಪರೀಕ್ಷೆಗೆ ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಹೆಬ್ಬಾಳದಲ್ಲಿ ಪಶು ಆರೋಗ್ಯ ಸಂಸ್ಥೆ ಇದೆ, ಯಲಹಂಕದಲ್ಲಿ ಪ್ರಾಣಿರೋಗಗಳ ಅಧ್ಯಯನ ನಡೆಸುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಇಷ್ಟು ಹತ್ತಿರದ ಸೌಲಭ್ಯ ಬೇರೆ ಎಷ್ಟೋ ಜಿಲ್ಲೆಯವರಿಗಿಲ್ಲ. ಮುಂದೆ ಹೆಣ್ಣು ಕರು ಹುಟ್ಟಿದರೆ 4ರಿಂದ 8 ತಿಂಗಳೊಳಗೆ ಒಮ್ಮೆ ಲಸಿಕೆ ಹಾಕಿಸಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ಗಂಡು ಕರುವಿಗೆ, ಗಬ್ಬದ ಹಸುವಿಗೆ ಈ ಲಸಿಕೆ ಹಾಕುವುದಿಲ್ಲ.

ಪ್ರಶ್ನೆ: ಕೋಳಿ ಫಾರಂಗಳಲ್ಲಿ ಕೊಡುವ ಔಷಧಿಯಿಂದ ನಮಗೇನು ತೊಂದರೆ?
– ವಿದ್ಯಾರ್ಥಿ, ಜಯನಗರ

ಉತ್ತರ: ಕೊಲಿಸ್ಟಿನ್ ಉದಾಹರಣೆ ಸಾಕು. ಐಸಿಯುನಲ್ಲಿ ಬೇರೆ ಯಾವ ಆಂಟಿಬಯಾಟಿಕ್ಕೂ ನಾಟದಿದ್ದಾಗ ಕೊಡುವ ಔಷಧಿ ಅದು. ಅದನ್ನೇ ಕೋಳಿ, ಹಂದಿಗಳ ಮೇವಿಗೂ ಬೆರೆಸುತ್ತಿದ್ದರು. 2015ರಲ್ಲಿ ಚೀನಾದ ವಿಜ್ಞಾನಿಗಳು ಬ್ಯಾಕ್ಟೀರಿಯಾ ಕೊಲಿಸ್ಟಿನ್‌ಗೆ ಜಗ್ಗದಂತೆ ಮಾಡುವ ಜೀನನ್ನು ಪ್ಲಾಸ್ಮಿಡ್ ಮೇಲೆ ಕಂಡರು. ಅಂದರೆ ಅದು ಸುಲಭವಾಗಿ ಕೈ ಬದಲಾಯಿಸಬಲ್ಲದು, ನಮಗೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳಿಗೂ ಸೇರಬಹುದು; ಆಗ ಆ ಔಷಧಿಯೂ ನಾಟುವುದಿಲ್ಲ. 2019ರ ಜುಲೈನಲ್ಲಿ ಭಾರತ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಒಳ್ಳೆಯ ಕೆಲಸ, ಇನ್ನೂ ಬೇಗ ಆಗಬೇಕಿತ್ತು. ನೀವು ಮಾಡಬೇಕಾದದ್ದು ಇಷ್ಟೇ: ಕೋಳಿ ಚೆನ್ನಾಗಿ ಬೇಯಿಸಿ, ಹಸಿ ಕೋಳಿ ಹೆಚ್ಚಿದ ಮಣೆಯನ್ನು ಸೋಪು ಹಾಕಿ ತೊಳೆಯದೆ ಅದರ ಮೇಲೆ ಈರುಳ್ಳಿ ಹೆಚ್ಚಬೇಡಿ.